ಲೂಸಿಲ್ ಬಾಲ್ ಬಗ್ಗೆ ಒಂದು ತಾಸಿನ ಕಾರ್ಯಕ್ರಮ: ಬೆಲ್ಟಿನ ಮ್ಯಾಲ ಖಡಕ್ ರೊಟ್ಟಿ ಓಡಿಸೋದು ಹ್ಯಾಂಗ?

ಸುರಪುರದ_ಹುಡುಗಿ
ಎಲ್ಲರಿಗೂ ಶರಣ್ರಿ. ನಮ್ಮ ಕಾಲೇಜಿನ ರಂಗತಂಡ ಕಲಬುರಗಿ ಎಸ್.ಎಂ. ಪಂಡಿತ್ ರಂಗಮಂದಿರದಾಗ ಒಂದು ತಾಸಿನ ಕಾರ್ಯಕ್ರಮ ಮಾಡೋದದ. ವಿಷಯ ಅಮೆರಿಕದ ಟಿವಿ ಹಾಸ್ಯನಟಿ ಲೂಸಿಲ್ ಬಾಲ್. ಮೊದಲ 20 ನಿಮಿಷ ಆಕಿ ಬದುಕಿನ ಮಾತು, ಆಮ್ಯಾಲ ಆಕಿಯ ಎರಡು ಹೆಸರಾದ ದೃಶ್ಯಗಳ ಧಾಟಿಯೊಳಗ ನಮ್ಮವೇ ಎರಡು ಪ್ರಹಸನ. ಓಡೋ ಬೆಲ್ಟಿನ ಮ್ಯಾಲ ಬರೋ ಚಾಕಲೇಟ್ ಸುತ್ತಾಕ ಇಬ್ಬರು ಹೆಂಗಸರು ಒದ್ದಾಡೋ ಫ್ಯಾಕ್ಟರಿ ದೃಶ್ಯಾನ ಖಡಕ್ ರೊಟ್ಟಿ ಪ್ಯಾಕಿಂಗ್ ಕೇಂದ್ರಕ್ಕ ತಂದೀವಿ. ಮಂದಿ ಮುಂದ ಕುಂತಿರಬೇಕು, ಮೂರು ಕ್ಯಾಮೆರಾದಾಗ ಒಮ್ಮೆಲೇ ಶೂಟ್ ಆಗಬೇಕು.

ತೊಡಕು ಏನಂದ್ರ, ಬದುಕಿನ ಭಾಗ ಎಲ್ಲಿಂದ ಹಿಡೀಬೇಕು ತಿಳೀವಲ್ದು. ಬೆಲ್ಟ್ ಹ್ಯಾಂಗ ಕಟ್ಟಬೇಕು ಗೊತ್ತಿಲ್ಲ. ಲೈಟು, ಧ್ವನಿ ಬಗ್ಗೆನೂ ಹೇಳ್ರಿ. ನಟಿಯರು ಇಬ್ಬರು, ಬೆಲ್ಟ್ ತಿರುವಾಕ ಒಬ್ಬ ಹುಡುಗ. ರೊಕ್ಕ ಕಮ್ಮಿ ಅದ.

ಹಳೇ_ಟಿವಿ
ತಂಗಿ, ಬದುಕಿನ ಭಾಗಕ್ಕ ಒಂದೇ ಎಳೆ ಹಿಡಿ: ಆಕಿಯ ಟಿವಿ ಹಾಸ್ಯ ಧಾರಾವಾಹಿ 'ಐ ಲವ್ ಲೂಸಿ' ಶುರು ಆದಾಗ ಆಕಿಗೆ 40 ವರ್ಷ. ಅಲ್ಲೀತನಕ ಹಾಲಿವುಡ್ ಆಕಿನ್ನ ಎರಡನೇ ಸಾಲಿನ ಚಿತ್ರಗಳೊಳಗ ಕೂಡಿಸಿತ್ತು.

ಹುಟ್ಟಿದ್ದು 1911ರ ಆಗಸ್ಟ್ 6, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್. ಮೂರು ವರ್ಷದಾಕಿ ಇದ್ದಾಗ ತಂದಿ ಟೈಫಾಯ್ಡ್‌ದಿಂದ ತೀರಿಕೊಂಡ. ಹದಿಹರೆಯದಾಗ ನ್ಯೂಯಾರ್ಕಿನ ನಾಟಕ ಶಾಲಿಗೆ ಹೋದ್ರ, ಈ ಹುಡುಗಿ ಭಾಳ ನಾಚತಾಳ, ಇದು ಆಗೋ ಮಾತಲ್ಲ ಅಂತ ಮನಿಗೆ ಕಳಿಸಿದ್ರು. ಮುಂದ ಹೆಸರಾದ ಸಿನಿಮಾ ನಟಿ ಬೆಟ್ಟಿ ಡೇವಿಸ್ ಅದೇ ಶಾಲಿಯಾಗ ಇದ್ಲು. ಆಮ್ಯಾಲ ಬಟ್ಟಿ ಅಂಗಡಿ ಮಾಡೆಲ್, 1933ರಾಗ ಹಾಲಿವುಡ್ಡಿನಾಗ ಗುಂಪಿನ ಹುಡುಗಿ, ಆರ್‌ಕೆಓ ಸ್ಟುಡಿಯೋದಾಗ ಸಣ್ಣ ಪುಟ್ಟ ಪಾತ್ರ. 1940ರಾಗ ಒಂದು ಚಿತ್ರದ ಹೊತ್ತಿನಾಗ ಕ್ಯೂಬಾದ ಬ್ಯಾಂಡ್ ನಾಯಕ ಡೆಸಿ ಅರ್ನಾಜ್ ಭೇಟಿ, ಅದೇ ವರ್ಷ ನವೆಂಬರ್ 30ಕ್ಕ ಮದುವಿ.

ಖರೇ ತಿರುವು ರೇಡಿಯೋ. 1948ರಿಂದ 1951ರತನಕ ಸಿಬಿಎಸ್ ಅನ್ನೋ ಪ್ರಸಾರ ಕಂಪನಿಯಾಗ 'ಮೈ ಫೇವರಿಟ್ ಹಸ್ಬೆಂಡ್' ಅನ್ನೋ ಹಾಸ್ಯ ಕಾರ್ಯಕ್ರಮ. ಬರಹಗಾರ ಜೆಸ್ ಓಪನ್‌ಹೈಮರ್ ನೋಡಿದ, ಈಕಿ ಕಾಗದ ಹಿಡಿದು ಓದ್ತಾಳ, ಎದುರಿಗೆ ಕುಂತ ಮಂದಿ ಕಡಿ ನೋಡಂಗಿಲ್ಲ. ಹಾಸ್ಯನಟ ಜ್ಯಾಕ್ ಬೆನ್ನಿಯ ರೇಡಿಯೋ ಕಾರ್ಯಕ್ರಮದ ಟಿಕೆಟ್ ಕೊಟ್ಟು, ಆತ ಮಂದಿನ್ನ ಹ್ಯಾಂಗ ಬಳಸ್ತಾನ ನೋಡ್ಕೊಂಡು ಬಾ ಅಂತ ಕಳಿಸಿದ. ಅಲ್ಲಿಂದ ಮುಖ ಬಿಚ್ಚಿತು. ನಿಮ್ಮ 20 ನಿಮಿಷದಾಗ 7 ನಿಮಿಷ ಈ ರೇಡಿಯೋ ಕಾಲಕ್ಕ ಇಡ್ರಿ. ಎಲ್ಲರೂ ಇದನ್ನೇ ಹಾರಿಸ್ತಾರ.

ಶಹಾಬಾದ್_ಕಲ್ಲು
ಆಕಿ ಹುಟ್ಟಿದ್ದು ಮೊಂಟಾನಾದ ಬ್ಯೂಟ್ ಊರಾಗ ಅಂತ ಓದೀನಲ್ರಿ?

ಹಳೇ_ಟಿವಿ
ಅದು ಪ್ರಚಾರಕ್ಕ ಆಕಿ ತಾನೇ ಹೇಳ್ಕೊಂಡಿದ್ದು. ಜೇಮ್ಸ್‌ಟೌನೇ ಖರೇ.

ಎಡಿಟಿಂಗ್_ಕಾಕಾ
ಮೂರು ಕ್ಯಾಮೆರಾ ಯಾಕ ಬಂದ್ವು ಅನ್ನೋದು ಮೊದಲು ತಿಳ್ಕೋರಿ. ಆಗ ಹೆಚ್ಚಿನ ಕಾರ್ಯಕ್ರಮ ನ್ಯೂಯಾರ್ಕಿನಿಂದ ನೇರ ಪ್ರಸಾರ. ಪಶ್ಚಿಮ ಕರಾವಳಿಗೆ ಹೋಗ್ತಿದ್ದುದು ಟಿವಿ ಪರದೆಗೆ ಕ್ಯಾಮೆರಾ ಹಿಡಿದು ತೆಗೆದ ಮಸುಕು ಫಿಲ್ಮ್, ಅದಕ್ಕ ಕಿನೆಸ್ಕೋಪ್ ಅಂತಾರ. ಲೂಸಿ–ಡೆಸಿಗೆ ಹಾಲಿವುಡ್ ಬಿಡೋ ಮನಸ್ಸಿಲ್ಲ, ಪ್ರಾಯೋಜಕರಾದ ಫಿಲಿಪ್ ಮಾರಿಸ್ ಸಿಗರೇಟಿನವರಿಗೆ ಪೂರ್ವದ ಊರುಗಳಾಗ ಮಸುಕು ಚಿತ್ರ ಬ್ಯಾಡ. ಅದಕ್ಕ 35 ಎಂಎಂ ಫಿಲ್ಮ್. ಮಂದಿ ಮುಂದ ಆಡಿದ್ರನೇ ಲೂಸಿ ಅರಳ್ತಾಳ ಅಂತ ಸುಮಾರು 300 ಜನಕ್ಕ ಆಸನ. ಇಷ್ಟೂ ಕೂಡಿದ್ರ ಒಮ್ಮೆಲೇ ಓಡೋ ಮೂರು ಕ್ಯಾಮೆರಾ ಬಿಟ್ರ ದಾರಿ ಇಲ್ಲ.

ನಡುವಿನ ಕ್ಯಾಮೆರಾ ಇಡೀ ಕೋಣಿ ಹಿಡೀತದ, ಎರಡೂ ಬಾಜೂದವು ಹತ್ತಿರದ ಮುಖ ಹಿಡೀತಾವ. 35 ಎಂಎಂನಾಗ 1000 ಅಡಿ ರೀಲು ಸೆಕೆಂಡಿಗೆ 24 ಚೌಕಟ್ಟಿನಂಗ 11 ನಿಮಿಷ ಅಷ್ಟೇ ಓಡ್ತದ. ಹಂಗಾಗಿ ದೃಶ್ಯಗಳನ್ನ ಆ ಅಳತಿಯೊಳಗೇ ಬರೀಬೇಕಾಗ್ತಿತ್ತು.

ನೀವು ಮೊಬೈಲ್ ಬಳಸೋರು ಇರಬೇಕು. ಮೂರಕ್ಕೂ ಸೆಕೆಂಡಿಗೆ 25 ಚೌಕಟ್ಟು, ಶಟರ್ 1/50, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮತ್ತ ಎಕ್ಸ್‌ಪೋಜರ್ (ಬೆಳಕಿನ ಅಳತಿ) ಎರಡೂ ಲಾಕ್. ಲಾಕ್ ಮಾಡ್ಲಿಲ್ಲಂದ್ರ ಬಿಳಿ ಸೀರಿ ಉಟ್ಟಾಕಿ ನಡುವ ಬಂದ ಕೂಡ್ಲೆ ಒಂದು ಮೊಬೈಲ್ ಇಡೀ ಚಿತ್ರ ಕತ್ತಲ ಮಾಡ್ತದ, ಮುಂದ ಮೂರೂ ಕೂಡಂಗಿಲ್ಲ. ಶುರುವಿಗೊಂದು, ಕಡೀಗೊಂದು ಜೋರ್ ಚಪ್ಪಾಳೆ ಹೊಡೀರಿ. ಕಡೀ ಚಪ್ಪಾಳೆ ಯಾಕಂದ್ರ ಮೊಬೈಲ್‌ಗಳು ಚೌಕಟ್ಟು ಒಂದೇ ಗತಿಯಾಗ ಹಿಡಿಯಂಗಿಲ್ಲ, 20 ನಿಮಿಷಕ್ಕ ತುಟಿ–ಮಾತು ತಪ್ಪೋದು ಕಣ್ಣಿಗೆ ಬೀಳ್ತದ. ಎರಡು ಗುರುತಿದ್ರ ಎಳೆದು ಸರಿ ಮಾಡಬಹುದು. ಏರೋಪ್ಲೇನ್ ಮೋಡ್ ಮರೀಬ್ಯಾಡ್ರಿ. ನಡುವ ಕರೆ ಬಂದ್ರ ರೆಕಾರ್ಡಿಂಗ್ ನಿಲ್ತದ.

ಭೀಮಾತೀರ_92
ಒಟ್ಟಿನಾಗ ಮೂರು ಕ್ಯಾಮೆರಾ ಪದ್ಧತಿ ಕಂಡುಹಿಡಿದವ್ರು ಇವ್ರೇ ಅನ್ನಬಹುದು. ಭಾಷಣಕ್ಕ ಛಲೋ ಸಾಲು.

ಎಡಿಟಿಂಗ್_ಕಾಕಾ
ಅನ್ನಬ್ಯಾಡ್ರಿ! ಜೆರಿ ಫೇರ್‌ಬ್ಯಾಂಕ್ಸ್ ಅನ್ನೋರು 1940ರ ದಶಕದ ಕಡೀಗೇ ಹಲವು ಫಿಲ್ಮ್ ಕ್ಯಾಮೆರಾ ಕೂಡಿಸಿ ಟಿವಿಗೆ ಮಾಡಿದ್ರು. ಲೂಸಿ ತಂಡ ಮಾಡಿದ್ದು ಅದನ್ನ 35 ಎಂಎಂನಾಗ, ಮಂದಿ ಮುಂದ, ವಾರವಾರ ನಡೆಯೋ ಪದ್ಧತಿ ಮಾಡಿದ್ದು. ಇದೇ ದೊಡ್ಡ ಮಾತು, ಇಲ್ಲದ್ದು ಕೂಡಿಸೋದು ಬ್ಯಾಡ.

ದಾಲ್‌ಮಿಲ್_ಮೆಕ್ಯಾನಿಕ್
ಬೆಲ್ಟಿನ ಮಾತಿಗೆ ಬರ್ತೀನಿ. ಯಾರಾದ್ರೂ 'ದಾಲ್ ಮಿಲ್ಲಿನ ಹಳೇ ಬೆಲ್ಟ್ ತರ್ರಿ' ಅಂದ್ರ ಕೇಳಬ್ಯಾಡ್ರಿ. ರಬ್ಬರ್ ಬೆಲ್ಟ್ ಭಾರ, ಮೋಟಾರ್ ಇಲ್ದ ಹೊಳ್ಳಂಗಿಲ್ಲ, ವಾಸನಿ ಬೇರೆ.

8 ಅಡಿ ಉದ್ದದ ಟೇಬಲ್ ತಗೋರಿ. ಎರಡೂ ತುದಿಗೆ 4 ಇಂಚು ದಪ್ಪದ ಪಿವಿಸಿ ಪೈಪ್, ಉದ್ದ 2 ಅಡಿ. ಪೈಪಿನ ಎರಡೂ ಬಾಯಿಗೆ ಕಟ್ಟಿಗಿ ಬಿಲ್ಲೆ ಬಡಿದು ನಡುವ ಕಬ್ಬಿಣದ ಸರಳು ತೂರಿಸ್ರಿ, ಸರಳು ಬೇರಿಂಗಿನ ಮ್ಯಾಲ ಕೂಡ್ಲಿ. ಒಂದು ಸರಳಿಗೆ ಕೈಹಿಡಿ. ಬೆಲ್ಟಿಗೆ ಗಂಜ್ ಮಾರುಕಟ್ಟಿಯಾಗ ಸಿಗೋ ದಪ್ಪ ಕ್ಯಾನ್ವಾಸ್ ತಾಡಪತ್ರಿ, 18 ಇಂಚು ಅಗಲ. ಉದ್ದ ಲೆಕ್ಕ: ಮ್ಯಾಲ 8, ಕೆಳಗ 8, ಎರಡೂ ಪೈಪಿನ ಅರ್ಧರ್ಧ ಸುತ್ತು ಕೂಡಿ 1 ಅಡಿ, ಅಂದ್ರ 17 ಅಡಿ. ಹೊಲಿಗಿ ಮಡಿಕಿಗೆ 4 ಇಂಚು ಹೆಚ್ಚಿಗಿ.

ಕೆಡೋದು ಎಲ್ಲಿ ಅಂದ್ರ, ಪಿವಿಸಿ ನುಣುಪು, ಬಟ್ಟಿ ಜಾರ್ತದ, ಪೈಪ್ ಒಂದೇ ತಿರುಗ್ತದ. ಸೈಕಲ್ ಟ್ಯೂಬ್ ಸೀಳಿ ಪೈಪಿಗೆ ಅಂಟಿಸ್ರಿ. ಇನ್ನೊಂದು, ಬೆಲ್ಟ್ ಒಂದು ಬಾಜೂಕ ಹರೀತದ. ಎರಡೂ ಪೈಪ್ ಸಮ ಇರಬೇಕು, ಜೊತೀಗೆ ಪೈಪಿನ ನಟ್ಟನಡುವ ನಾಕಾರು ಸುತ್ತು ಟೇಪ್ ಸುತ್ತಿ ಸ್ವಲ್ಪ ಉಬ್ಬು ಮಾಡ್ರಿ, ಬೆಲ್ಟ್ ತಾನೇ ನಡುವಿಗೆ ಬರ್ತದ. ಹೊಲಿಗಿ ಗಂಟು ಗಂಟು ಇದ್ರ ಪ್ರತಿ ಸುತ್ತಿಗೂ ಧಕ್ಕಿ ಹೊಡೀತದ, ಒಂದರ ಮ್ಯಾಲ ಒಂದು ಚಪ್ಪಟೆ ಹೊಲಿಸ್ರಿ.

ಜೋಳದ_ಹೊಲ
ವೇಗ ಎಷ್ಟು ಇಡಬೇಕು ಕಾಕಾ?

ದಾಲ್‌ಮಿಲ್_ಮೆಕ್ಯಾನಿಕ್
4 ಇಂಚಿನ ಪೈಪ್ ಒಂದು ಸುತ್ತಿಗೆ ಒಂದಡಿ ದೂಡ್ತದ. ರೊಟ್ಟಿಗಳ ನಡುವ ಒಂದೂವರೆ ಅಡಿ ಇಟ್ರ, ಎರಡು ಸೆಕೆಂಡಿಗೆ ಒಂದು ಸುತ್ತು ತಿರುವಿದಾಗ 3 ಸೆಕೆಂಡಿಗೊಂದು ರೊಟ್ಟಿ ಬರ್ತದ. ಅದು ನಿಧಾನದ ಗತಿ. ಸೆಕೆಂಡಿಗೆ ಒಂದೂವರೆ ಸುತ್ತು ಅಂದ್ರ ಸೆಕೆಂಡಿಗೊಂದು ರೊಟ್ಟಿ, ಅಲ್ಲಿಗೆ ಇಬ್ಬರ ಕೈಯೂ ಸೋಲ್ತಾವ. ಇದಕ್ಕಿಂತ ಜೋರ್ ಬ್ಯಾಡ, ರೊಟ್ಟಿ ಹಾರಿ ಮುಂದಿನ ಸಾಲಿನವರ ಮಾರಿಗೆ ಬೀಳ್ತಾವ. ತಿರುವೋ ಹುಡುಗಗ ಬಾಯಾಗ ತಾಳ ಎಣಿಸೋ ರೂಢಿ ಮಾಡಿಸ್ರಿ. ಇನ್ನ ಒಬ್ಬನೇ ಸಾಲಂಗಿಲ್ಲ, ರೊಟ್ಟಿ ಇಡಾಕ ಒಳಗ ಇನ್ನೊಬ್ಬ ಬೇಕು.

ಬೀದರ್_ಕೋಟಿ
ಖಡಕ್ ರೊಟ್ಟಿ ತಪ್ಪು ಆಯ್ಕೆ ಅನ್ನಿಸ್ತದ ನನಗ. ಮೂಲ ದೃಶ್ಯದ ನಗಿ ಬರೋದೇ ಆಕಿ ಚಾಕಲೇಟ್ ಬಾಯಾಗ ತುರುಕೊಳ್ಳೋದ್ರಾಗ. ರೊಟ್ಟಿ ಬಾಯಾಗ ಹಿಡೀತದೇನು? ಒಡೆದ ಚೂರು ಗಂಟಲಿಗೆ ಚುಚ್ಚತಾವ. ಪೇಢಾ ಇಡ್ರಿ.

ಬಣ್ಣದ_ಮನಿ
ಬೀದರ್ ಅಣ್ಣಾರ, ನಗಿ ಬರೋದು ತುರುಕೋದ್ರಾಗ ಅಲ್ಲ. 1952ರ ಸೆಪ್ಟೆಂಬರ್ 15ಕ್ಕ ಬಂದ ಆ ಕಂತು ಸರಿಯಾಗಿ ನೋಡ್ರಿ. ಮೊದಲು ಮೇಲ್ವಿಚಾರಕಿ ಹೇಳ್ತಾಳ, ಒಂದು ಚಾಕಲೇಟ್ ಸುತ್ತದಂಗ ಮುಂದ ಹೋದ್ರೂ ಕೆಲಸ ಹೋಯ್ತು ಅಂತ. ಬೆಲ್ಟ್ ನಿಧಾನ ಬರ್ತದ, ಇಬ್ಬರೂ ನೆಟ್ಟಗ ಮಾಡ್ತಾರ, ಇಷ್ಟೇನಾ ಅಂತ ಧೈರ್ಯ ಬರ್ತದ. ಆಮ್ಯಾಲ ಒಂದು ತಪ್ತದ, ಎರಡು ತಪ್ತಾವ. ಆಕಿ ಹೊಳ್ಳಿ ಬರೋ ಹೊತ್ತಿಗೆ ಬಾಯಾಗ, ಟೋಪಿಯಾಗ, ಅಂಗಿಯಾಗ ಎಲ್ಲಾ ಮುಚ್ಚಿಟ್ಟಾರ. ಬೆಲ್ಟ್ ಖಾಲಿ ಕಂಡು ಆಕಿ ಭಾಳ ಛಲೋ ಮಾಡೀರಿ ಅಂತಾಳ, ಇನ್ನ ಜೋರ್ ಬಿಡ್ರಿ ಅಂತ ಕೂಗ್ತಾಳ. ಮುಚ್ಚಿಟ್ಟಿದ್ದಕ್ಕೇ ಶಿಕ್ಷೆ ಸಿಗ್ತದ. ಈ ಕಟ್ಟು ಬಿಟ್ರ ಬರೇ ಬಾಯಿ ತುಂಬಿದ ಹೆಂಗಸು ಉಳೀತಾಳ, ಎರಡು ನಿಮಿಷಕ್ಕ ಮಂದಿಗೆ ಬ್ಯಾಸರ ಬರ್ತದ.

ಅದಕ್ಕೇ ಖಡಕ್ ರೊಟ್ಟಿ ಉತ್ತಮ. ಸೀರಿ ಉಟ್ಟ ಹೆಂಗಸಿಗೆ ಉಡಿ ಅದ! ಸೆರಗು ಬಿಚ್ಚಿ ಉಡ್ಯಾಗ ಹಾಕ್ಕೊಂತಾಳ, ಮೇಲ್ವಿಚಾರಕಿ ಬಂದು 'ಕುಂಡ್ರ ತಂಗಿ' ಅಂತಾಳ, ಕುಂಡ್ರೂಮುಂದ ಕಟಕಟ ಸಪ್ಪಳ. ಆ ಸಪ್ಪಳಕ್ಕ ಆಕಿ ಮಾರಿ ಒಂದಿಷ್ಟೂ ಅಲುಗಬಾರದು. ಪೇಢಾ ಸಪ್ಪಳ ಮಾಡಂಗಿಲ್ಲ.

ಬೀದರ್_ಕೋಟಿ
ಉಡಿ ಮಾತು ಒಪ್ಪಿದೆ. ಆದ್ರ ಚೂರು ಬೆಲ್ಟಿನ ಸಂದ್ಯಾಗ ಸಿಕ್ಕೊಂಡು ಪೈಪ್ ಬಿಗೀತದ, ಬರೆದಿಟ್ಕೋರಿ.

ದಾಲ್‌ಮಿಲ್_ಮೆಕ್ಯಾನಿಕ್
ಅದು ಖರೇ. ನಾಕಕ್ಕ ಮೂರು ರಟ್ಟಿನ ರೊಟ್ಟಿ ಮಾಡ್ರಿ, ಒಂದು ಅಸಲಿ. ಅಸಲಿಗೆ ಅಂಚಿನ ಮ್ಯಾಲ ಸಣ್ಣ ಗುರುತು. ಉಡಿಗೆ ಹೋಗೋದು ಅಸಲಿ, ಬುಟ್ಟಿಗೆ ಹೋಗೋದು ರಟ್ಟು. ನಿಧಾನ ಒಂದು ನಿಮಿಷಕ್ಕ 20, ನಡುಗತಿ ಒಂದು ನಿಮಿಷಕ್ಕ 40, ಜೋರ್ 40 ಸೆಕೆಂಡಿಗೆ 40. ಒಟ್ಟು 100, ಅಂದ್ರ 25 ಅಸಲಿ ಸಾಕು. ಕೊನೀ ಪೈಪಿನ ಕೆಳಗ ಒಂದು ಬ್ರಷ್ ಕಟ್ರಿ, ಚೂರು ಉದುರ್ತಾವ.

ಅಡಗಿಮನಿ_ಶರಣಮ್ಮ
ರೊಟ್ಟಿ 6 ಇಂಚಿಗಿಂತ ದೊಡ್ಡದು ಬ್ಯಾಡ ಯವ್ವಾ, ದೊಡ್ಡ ರೊಟ್ಟಿ ಉಡ್ಯಾಗ ಕೂಡಂಗಿಲ್ಲ. ಮಳಿಗಾಲದಾಗ ರೊಟ್ಟಿ ಮೆತ್ತಗಾಗ್ತಾವ, ಸಪ್ಪಳ ಹೋಗ್ತದ. ಬಿಗಿ ಮುಚ್ಚಳದ ಡಬ್ಬಿಯಾಗ ಇಟ್ಟು, ಆಟದ ದಿನ ಸಣ್ಣ ಉರಿ ಹಂಚಿನ ಮ್ಯಾಲ ಒತ್ತಿ ತಗೀರಿ. ಬಾಯಾಗ ಹಾಕೋದಿದ್ರ ಅಂಗೈಯಷ್ಟು ತುಂಡು ಒಂದೇ, ದವಡಿ ಕಡಿ. ನಾಲಿಗಿ ಮ್ಯಾಲ ಇಟ್ಕೊಂಡು ನಗಬಾರದು, ಉಸಿರಿನ ಜೊತಿ ಒಳಗ ಹೋಗ್ತದ.

ಸುರಪುರದ_ಹುಡುಗಿ
ಶರಣಮ್ಮಕ್ಕಾರ, ಉಪಕಾರ ಆಯ್ತ್ರಿ. ನಟನೆಗೆ ತಾಲೀಮು ಎಷ್ಟು ದಿನ ಬೇಕು? ನಮ್ಮ ಹುಡುಗ್ಯಾರು 'ಆಗಿಂದಾಗ ಮಾಡಿದ್ರ ಸಹಜ ಬರ್ತದ' ಅಂತಾರ.

ಬಣ್ಣದ_ಮನಿ
ಬರಂಗಿಲ್ಲ. ಲೂಸಿಲ್ ಬಾಲ್ ಬಗ್ಗೆ ದೊಡ್ಡ ತಪ್ಪು ತಿಳುವಳಿಕೆ ಇದೇ. ತೆರೆ ಮ್ಯಾಲ ಈಗ ಹೊಳೆದಂಗ ಕಾಣೋದೆಲ್ಲ ತಾಲೀಮಿನಾಗ ಕುಂತದ್ದು. ಮ್ಯಾಡಲಿನ್ ಪ್ಯೂ, ಬಾಬ್ ಕ್ಯಾರಲ್ ಬರೀತಿದ್ದ ಹಸ್ತಪ್ರತಿಯಾಗ ಮಾತಿನಷ್ಟೇ ಮೈಕೆಲಸವೂ ಬರೆದಿರ್ತಿತ್ತು, ದೊಡ್ಡ ಅಕ್ಷರದಾಗ. ಆ ಕಸರತ್ತು ಹೆಂಗಸೊಬ್ಬಾಕಿ ಮಾಡಾಕ ಸಾಧ್ಯನೋ ಇಲ್ಲೋ ಅಂತ ಮ್ಯಾಡಲಿನ್ ಪ್ಯೂ ಮೊದಲು ತಾನೇ ಮಾಡಿ ನೋಡ್ತಿದ್ಲು. ಆಮ್ಯಾಲ ವಾರದ ತಾಲೀಮು ಅದೇ ಸಾಮಾನಿನ ಜೊತೀಗೆ. ಚಾಕಲೇಟ್ ಕಂತಿಗೆ ನಿಜವಾಗಿ ಚಾಕಲೇಟ್ ಅದ್ದೋ ಕೆಲಸದಾಕಿನ್ನೇ ಕರೆಸಿ ನಿಲ್ಲಿಸಿದ್ರು.

ನೀವು ಮೊದಲು ಬೆಲ್ಟ್ ಇಲ್ದ, ಬರೇ ಟೇಬಲ್ ಮ್ಯಾಲ ರೊಟ್ಟಿ ಪ್ಯಾಕ್ ಮಾಡೋದು ಕಲೀರಿ. ಒಂದು ರೊಟ್ಟಿ ಎಷ್ಟು ಸೆಕೆಂಡ್ ತಗೋತದ ಎಣಿಸ್ರಿ. ಎರಡನೇ ಹಂತ ನಿಧಾನ ಬೆಲ್ಟ್, ಒಂದೂ ತಪ್ಪಬಾರದು. ಚಂದಾಗಿ ಮಾಡಾಕ ಬರೋತನಕ ಕೆಡಿಸಾಕ ಹೋಗಬ್ಯಾಡ್ರಿ. ಕೆಡೋ ಜಾಗ ಎಲ್ಲಾ ಮೊದಲೇ ಗೊತ್ತಿರಲಿ: ಎಷ್ಟನೇ ರೊಟ್ಟಿಗೆ ಮೊದಲ ತಪ್ಪು, ಎಷ್ಟನೇದಕ್ಕ ಸೆರಗು. ಇಬ್ಬರೂ ಒಮ್ಮೆಲೇ ಗಾಬರಿ ಆಗಬಾರದು, ಒಬ್ಬಾಕಿ ಮೊದಲು, ಇನ್ನೊಬ್ಬಾಕಿ ನೋಡಿ ಕಲ್ತು. ವಿವಿಯನ್ ವಾನ್ಸ್ ಮಾಡಿದ, ಲೂಸಿಯ ಗೆಳತಿ ಎತೆಲ್ ಪಾತ್ರದ ಬೆಲೆ ಅಲ್ಲೇ ಅದ, ಆಕಿ ಮಾರಿ ನೋಡೇ ಮಂದಿಗೆ ಅಪಾಯದ ಅಳತಿ ತಿಳೀತದ.

ಶಹಾಬಾದ್_ಕಲ್ಲು
ಎರಡನೇ ದೃಶ್ಯ ಯಾವುದು? ಔಷಧಿ ಜಾಹೀರಾತಿಂದೇ ಇರಬೇಕಲ್ಲ?

ಸುರಪುರದ_ಹುಡುಗಿ
ಹೌದ್ರಿ, ವೈಟಮೀಟಾವೆಜಮಿನ್ ಅನ್ನೋ ಟಾನಿಕ್ಕಿನ ಜಾಹೀರಾತಿನಾಗ ಲೂಸಿ ಮತ್ತ ಮತ್ತ ಕುಡಿದು ಅಮಲೇರೋ ದೃಶ್ಯ. ಆ ಟಾನಿಕ್ಕಿಗೆ ಕನ್ನಡದ ಹೆಸರು ಹೊಳೀವಲ್ದು.

ವ್ಯಾಕರಣ_ಮಾಸ್ತರ
1952ರ ಮೇ 5ರ ಕಂತು ಅದು. ಟಾನಿಕ್‌ನಲ್ಲಿ 23 ಪ್ರತಿಶತ ಮದ್ಯ ಇದೆ ಎಂಬುದು ಪ್ರೇಕ್ಷಕರಿಗೆ ಗೊತ್ತು, ಕುಡಿಯುವವಳಿಗೆ ಗೊತ್ತಿಲ್ಲ. ಈ ಮಾಹಿತಿಯನ್ನು ಮೊದಲ ಗುಟುಕಿಗಿಂತ ಮುಂಚೆ ಯಾರಾದರೂ ಹೇಳಿಬಿಡಬೇಕು. ಆಮೇಲೆ ಹೇಳಿದರೆ ಕೆಲಸಕ್ಕೆ ಬರುವುದಿಲ್ಲ.

ಹೆಸರಿನಲ್ಲಿ ನಾಲಿಗೆ ಮಡಚುವ ಅಕ್ಷರ ಮತ್ತು ಒತ್ತಕ್ಷರ ತುಂಬಿರಲಿ, ಅಮಲಿನಲ್ಲಿ ಮೊದಲು ಜಾರುವುದು ಅವೇ. 'ಪುಷ್ಟಿಜೀವಸತ್ತ್ವಾಮೃತ' ಎಂದಿಟ್ಟುಕೊಳ್ಳಿ. ಮೊದಲ ಸಲ ಸ್ಪಷ್ಟ, ಕುಡಿದ ಮೇಲೆ ಮುಖ ಹಿಂಡಬೇಕು. ಎರಡನೇ ಸಲವೂ ಸ್ಪಷ್ಟ, ಮುಖ ಮಾತ್ರ ಸಡಿಲ. ಮೂರನೇ ಸಲ ಷ ಹೋಗಿ ಸ: 'ಪುಸ್ಟಿ'. ನಾಲ್ಕನೆಯದರಲ್ಲಿ ಒತ್ತು ಕಳಚಿ 'ಪುಟಿಜೀವಸತಾಮುತ'. ಐದನೆಯದರಲ್ಲಿ ತುಂಡುಗಳ ಜಾಗವೇ ಅದಲು ಬದಲು: 'ಸತಪುಟಿಜೀವಾ'. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನೇ ಗುಟುಕಿಗೇ ತೂರಾಡಿದರೆ ಮುಂದೆ ಹೋಗಲು ಮೆಟ್ಟಿಲೇ ಉಳಿಯುವುದಿಲ್ಲ. ಅಮಲಿನಲ್ಲಿರುವವಳು ಸ್ಪಷ್ಟವಾಗಿ ಮಾತಾಡಲು ಶ್ರಮಪಡುತ್ತಾಳೆ. ಆ ಶ್ರಮವನ್ನು ಆಡಿ, ತೊದಲನ್ನಲ್ಲ.

ಜೋಳದ_ಹೊಲ
ಬಾಟ್ಲಿಯಾಗ ಏನ್ ಹಾಕಬೇಕು?

ವ್ಯಾಕರಣ_ಮಾಸ್ತರ
ಅಲ್ಲಿ ಸೇಬಿನ ಪೆಕ್ಟಿನ್ (ಜಾಮ್ ಗಟ್ಟಿಗೊಳಿಸುವ ಅಂಟು) ಬಳಸಿದ್ದರು. ನಿಮಗೆ ತೆಳ್ಳಗಿನ ಬೆಲ್ಲದ ನೀರು ಸಾಕು, ಚಮಚಕ್ಕೆ ಅಂಟುವಷ್ಟು. ಸೋಡಾ ಬೇಡ, ತೇಗು ಬಂದು ಮಾತಿನ ಲಯ ಕೆಡುತ್ತದೆ.

ಬೆಳಕಿನ_ಬಸಣ್ಣ
ಲೈಟಿನ ಬಗ್ಗೆ ಯಾರೂ ಮಾತಾಡ್ಲಿಲ್ಲ. ಕಾರ್ಲ್ ಫ್ರಾಯಿಂಡ್ ಅನ್ನೋ ಛಾಯಾಗ್ರಾಹಕ, ಜರ್ಮನಿಯ ಮೂಕಿಚಿತ್ರದ ಕಾಲದಿಂದ ಬಂದವರು, ಲೂಸಿಗೆ ಲೈಟ್ ಕಟ್ಟಿದ್ರು. ಮೂರು ಕ್ಯಾಮೆರಾ ಒಮ್ಮೆಲೇ ಓಡಿದ್ರ ನೆಲದ ಮ್ಯಾಲ ಸ್ಟ್ಯಾಂಡ್ ಇಡಾಕ ಜಾಗ ಇಲ್ಲ, ಒಂದು ಕ್ಯಾಮೆರಾಕ್ಕ ಛಲೋ ಇದ್ದ ಲೈಟು ಇನ್ನೊಂದಕ್ಕ ನೆರಳು. ಅದಕ್ಕ ಎಲ್ಲಾ ಮ್ಯಾಲ ತೂಗು ಹಾಕಿ ಸಮ ಬೆಳಕು ಮಾಡಿದ್ರು. ನೀವೂ ಹಂಗೇ ಮಾಡ್ರಿ: ರಂಗದ ಮುಂದ ಲೈಟು ತೂಗು ಹಾಕೋ ಅಡ್ಡ ಪೈಪಿಗೆ ಎಡ–ಬಲ 45 ಡಿಗ್ರಿಗೆ ಎರಡೆರಡು ಲೈಟು, ಅದರ ಮುಂದ ಬೆಳಕು ಹರಡೋ ಹಾಲಿನಂಥ ಡಿಫ್ಯೂಷನ್ ಹಾಳಿ. ಬಣ್ಣದ ಜೆಲ್ ಹಾಳಿ ಬ್ಯಾಡ. ಅಗ್ಗದ ಎಲ್‌ಇಡಿ ಮಿನುಗತಾವ, ತಾಲೀಮಿನ ದಿನವೇ ಮೊಬೈಲಿನಾಗ ನೋಡ್ರಿ.

ಧ್ವನಿಗೆ ನಟಿಯರ ಮ್ಯಾಲ ಒಂದು ಮೈಕ್, ಮಂದಿ ಮ್ಯಾಲ ಎರಡು, ಬ್ಯಾರೆ ಬ್ಯಾರೆ ಟ್ರ್ಯಾಕ್. ಮಂದಿ ಮೈಕಿನ ಬೆನ್ನು ಸ್ಪೀಕರ್ ಕಡಿ ಇರಬೇಕು, ಇಲ್ಲಂದ್ರ ನಗಿ ಬದಲು ಪ್ರತಿಧ್ವನಿ ಬರ್ತದ. ಫ್ಯಾನ್ ಬಂದ್ ಮಾಡೋದಿದ್ರ ಬ್ಯಾಸಗಿಯಾಗ ಕಾರ್ಯಕ್ರಮ ಇಡಬ್ಯಾಡ್ರಿ.

ಭೀಮಾತೀರ_92
ವಿಷಯ ಬಿಟ್ಟು ಒಂದು ಮಾತು. ಟಿವಿ ಅಂದ್ರ ನಮ್ಮ ಊರಿಗೂ ದೊಡ್ಡ ಇತಿಹಾಸ ಅದ. 1975ರ ಆಗಸ್ಟ್‌ದಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದಾಗ ದೇಶದ ಆರು ರಾಜ್ಯದ 2400 ಹಳ್ಳಿಗೆ ಟಿವಿ ಬಂತು. ಕರ್ನಾಟಕದಾಗ ಆರಿಸಿದ್ದು ಗುಲಬರ್ಗಾ, ರಾಯಚೂರು, ವಿಜಾಪುರ. 1977ರಾಗ ಕಲಬುರಗಿ ದೂರದರ್ಶನ ಕೇಂದ್ರ ಶುರು ಆಯ್ತು, ಬೆಂಗಳೂರಿಗಿಂತ ಮೊದಲು. ಭಾಷಣದ ಮುನ್ನುಡಿಗೆ ಹಾಕ್ಕೋರಿ.

ಹಳೇ_ಟಿವಿ
ಇದು ಹಾಕಲೇಬೇಕು! ಸಭಿಕರು ನೆಟ್ಟಗ ಕುಂಡ್ರತಾರ.

ಅಡಗಿಮನಿ_ಶರಣಮ್ಮ
ಲೂಸಿಲ್ ಬಸಿರಿದ್ದಾಗಲೂ ಟಿವಿಯಾಗ ಬಂದಿದ್ಲಂತ, ಅದನ್ನ ಹೇಳ್ರಿ.

ಹಳೇ_ಟಿವಿ
ಹೌದ್ರೀ ಅಕ್ಕಾರ. 1952ರಾಗ ಎರಡನೇ ಸಲ ಬಸಿರಾದಾಗ ಕಥಿಯೊಳಗೂ ಲೂಸಿನ್ನ ಬಸಿರಿ ಮಾಡಿದ್ರು. 'ಬಸಿರು' ಅನ್ನೋ ನೇರ ಪದಕ್ಕ ಆಗಿನ ಟಿವಿಯಾಗ ಪರವಾನಗಿ ಇರ್ಲಿಲ್ಲ, ಸುತ್ತಿ ಬಳಸಿ ಹೇಳಬೇಕಿತ್ತು. ಹಸ್ತಪ್ರತಿಗಳನ್ನ ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರೊಟೆಸ್ಟಂಟ್ ಪಾದ್ರಿ, ಒಬ್ಬ ಯಹೂದಿ ರಬ್ಬಿ ಓದಿ ನೋಡ್ತಿದ್ರು. 1953ರ ಜನವರಿ 19ಕ್ಕ ಹೆರಿಗೆ ಕಂತು ಪ್ರಸಾರ, ಅದೇ ದಿನ ಆಕಿಗೆ ಸಿಸೇರಿಯನ್ ಆಗಿ ಗಂಡು ಕೂಸು. ಸುಮಾರು 4 ಕೋಟಿ 40 ಲಕ್ಷ ಜನ ನೋಡಿದ್ರು. ಮರುದಿನ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಪ್ರಮಾಣವಚನಕ್ಕ ಅಷ್ಟು ಮಂದಿ ಇರ್ಲಿಲ್ಲ. ಆದ್ರ ಟಿವಿಯಾಗ ಮೊದಲ ಬಸಿರಿ ಈಕಿ ಅಂತ ಹೇಳಬ್ಯಾಡ್ರಿ, 1948ರಾಗೇ 'ಮೇರಿ ಕೇ ಅಂಡ್ ಜಾನಿ' ಅನ್ನೋ ಕಾರ್ಯಕ್ರಮದಾಗ ಅದು ಬಂದಿತ್ತು.

ಜೋಳದ_ಹೊಲ
ಎಲ್ಲಾ ತಲಿ ಡೆಸಿ ಅರ್ನಾಜ್‌ದು, ಹೆಸರು ಲೂಸಿಗೆ ಅನ್ನಿಸ್ತದ ನನಗ.

ಬಣ್ಣದ_ಮನಿ
ಅರ್ಧ ಖರೇ. 1950ರಾಗ ಇಬ್ಬರೂ ಕೂಡಿ ಡೆಸಿಲೂ ಅನ್ನೋ ನಿರ್ಮಾಣ ಕಂಪನಿ ಕಟ್ಟಿದ್ರು, ವ್ಯವಹಾರದ ಚಾಲಾಕು ಆತಂದೇ. ಆದ್ರ ಕ್ಯೂಬಾದ ಗಂಡನ್ನ ಅಮೆರಿಕದ ಮಂದಿ ಒಪ್ಪಂಗಿಲ್ಲ ಅಂತ ಚಾನೆಲ್‌ನವ್ರು ಅಂದಾಗ, ಆತ ಇಲ್ದ ನಾನಿಲ್ಲ ಅಂತ ನಿಂತಾಕಿ ಯಾರು? 1950ರಾಗ ಇಬ್ಬರೂ ಊರೂರು ತಿರುಗಿ ರಂಗದ ಮ್ಯಾಲ ಆಡಿ ತೋರಿಸಿದ್ರು. 1960ರಾಗ ಇಬ್ಬರದೂ ವಿಚ್ಛೇದನ ಆಯ್ತು. 1962ರಾಗ ಆತನ ಪಾಲನ್ನ 25 ಲಕ್ಷ ಡಾಲರ್ ಕೊಟ್ಟು ಕೊಂಡು ತಾನೇ ಸ್ಟುಡಿಯೋ ನಡೆಸಿದ್ಲು, 1967ರಾಗ 1 ಕೋಟಿ 70 ಲಕ್ಷಕ್ಕ ಮಾರಿದ್ಲು. 'ಸ್ಟಾರ್ ಟ್ರೆಕ್' ಅನ್ನೋ ಹೆಸರಾದ ಟಿವಿ ಧಾರಾವಾಹಿ ಬಂದಿದ್ದು ಆಕಿ ಸ್ಟುಡಿಯೋದಿಂದ.

ಕಾಯ್ದೆ_ಕಲಬುರಗಿ
ನನಗೆ ಮುಖ್ಯ ಅನ್ನಿಸೋದು ಹಕ್ಕಿನ ವಿಚಾರ. ಫಿಲ್ಮಿಗೆ ಖರ್ಚು ಹೆಚ್ಚಾಗುತ್ತದೆ ಎಂದು ಸಿಬಿಎಸ್ ತಕರಾರು ಮಾಡಿದಾಗ ಇವರು ವಾರದ ಸಂಬಳದಲ್ಲಿ 1000 ಡಾಲರ್ ಬಿಟ್ಟುಕೊಟ್ಟು, ಫಿಲ್ಮಿನ ಒಡೆತನ ಇಟ್ಟುಕೊಂಡರು. ಮರುಪ್ರಸಾರಕ್ಕೆ ಬೆಲೆ ಬಂದಾಗ ಅದೇ ಫಿಲ್ಮಿಗೆ ಸಿಬಿಎಸ್ ಹತ್ತಾರು ಲಕ್ಷ ಡಾಲರ್ ಕೊಟ್ಟು ಕೊಂಡಿತು.

ನಿಮ್ಮ ತಂಡಕ್ಕೆ ಇದರಿಂದ ಎರಡು ಕೆಲಸ. ಲೂಸಿಯ ಕಂತುಗಳ ಮಾತನ್ನು ಅನುವಾದಿಸಿ ಆಡಬೇಡಿ. ಬೆಲ್ಟ್ ಎಂಬ ಕಲ್ಪನೆ ಯಾರ ಸ್ವತ್ತೂ ಅಲ್ಲ, ಬರೆದ ಸಂಭಾಷಣೆ ಸ್ವತ್ತು. ಎರಡನೆಯದು, ಪ್ರಹಸನ ಬರೆದವರಿಂದ ಯಾರಾದರೂ ಹಕ್ಕು ಕೇಳಿದರೆ ಬಾಯಿಮಾತಿಗೆ ಒಪ್ಪಬೇಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅರ್ಥ.

ಶಹಾಬಾದ್_ಕಲ್ಲು
ಕೂದಲು ಕೆಂಪು ಇರಬೇಕೇನು? ಪಾತ್ರಧಾರಿಗೆ ವಿಗ್ ತರ್ತೀರಾ?

ಬಣ್ಣದ_ಮನಿ
ಆಕಿದು ಹುಟ್ಟಾ ಕಂದು ಕೂದಲು, ಕೆಂಪು ಮಾಡಿದ್ದು ಮೆಹಂದಿ ಹಾಕಿ! ವಿಗ್ ಬ್ಯಾಡ. ನಿಮ್ಮ ನಾಯಕಿ ಸುರಪುರದ ಹೆಣ್ಣುಮಗಳು, ತುರುಬು ಕಟ್ಟಿ ಬಿಡ್ರಿ. ಅಂದಹಾಗೆ 'ಐ ಲವ್ ಲೂಸಿ' ಕಪ್ಪು ಬಿಳುಪು, ಮಂದಿ ಆಕಿ ಕೆಂಪು ಕೂದಲು ನೋಡಿದ್ದು ಪತ್ರಿಕೆಯಾಗ, ಬಣ್ಣದ ಸಿನಿಮಾದಾಗ.

ಬೀದರ್_ಕೋಟಿ
ಕಡೀ ದಿನಗಳ ಬಗ್ಗೆ ಮುಚ್ಚಿಡಬ್ಯಾಡ್ರಿ. 1986ರ 'ಲೈಫ್ ವಿತ್ ಲೂಸಿ' ಬಿತ್ತು, 8 ಕಂತು ಪ್ರಸಾರ ಆಗಿ ನಿಂತಿತು. ಅಜ್ಜಿ ವಯಸ್ಸಿನ ಹೆಣ್ಣುಮಗಳು ಏಣಿಯಿಂದ ಜೋತಾಡಿದ್ರ ಮಂದಿಗೆ ನಗಿ ಬರಂಗಿಲ್ಲ, ಎಲ್ಲಿ ಬೀಳ್ತಾಳೋ ಅಂತ ಅಂಜಿಕಿ ಬರ್ತದ. ತೀರಿಕೊಂಡಿದ್ದು 1989ರ ಏಪ್ರಿಲ್ 26, 77ನೇ ವಯಸ್ಸಿಗೆ.

ಸುರಪುರದ_ಹುಡುಗಿ
ಎಲ್ಲರ ಮಾತೂ ಬರ್ಕೊಂಡೀನ್ರಿ. ಪೈಪು, ಬೇರಿಂಗು ನಾಳೆ ತರ್ತೀವಿ. ಕಡೀ ಪ್ರಶ್ನೆ: ಮಂದಿ ಜೋರ್ ನಕ್ಕಾಗ ಬೆಲ್ಟ್ ನಿಲ್ಲಿಸಬೇಕಾ, ನಡೆಸಬೇಕಾ?

ಬಣ್ಣದ_ಮನಿ
ನಡೀಲಿ. ಮಾತು ಮಾತ್ರ ನಿಲ್ಲಿಸ್ರಿ, ಕೈ ನಿಲ್ಲಿಸಬ್ಯಾಡ್ರಿ. ನಗಿ ಏರಿ ಇಳಿಯೋ ಹೊತ್ತಿಗೆ, ಪೂರಾ ಆರೋಕಿಂತ ಮೊದಲು, ಮುಂದಿನ ಮಾತು.

ದಾಲ್‌ಮಿಲ್_ಮೆಕ್ಯಾನಿಕ್
ಹಂಗಾದ್ರ 100 ಸಾಲಂಗಿಲ್ಲ, 130 ರೊಟ್ಟಿ ಮಾಡ್ರಿ.